ಒಡೆದ ಗೋಡೆ ಮೇಸ್ತ್ರಿಗೆ

ಕಂತು ಹನ್ನೊಂದು

"ಚಾಣ ನನ್ ಕೈಗೆ ಕೊಡಿ. ಪೊಲೀಸ್ನೋರು ಈ ಮನೇಲಿ ಮುಟ್ಟಿದ್ದು ಸಾಕು," ಎಂದಳು ಚಲುವಮ್ಮ.

ಹೆಡ್ ಕಾನ್‌ಸ್ಟೆಬಲ್ ಉದಯ ಚಾಣವನ್ನೂ ಸುತ್ತಿಗೆಯನ್ನೂ ಅವಳ ಮುಂದಿಟ್ಟು ಹಿಂದೆ ಸರಿದ. ಸಬ್‌ಇನ್‌ಸ್ಪೆಕ್ಟರ್ ಕುಸುಮಾಳೂ ದಾರಿ ಬಿಟ್ಟು ನಿಂತಳು. ಮಾತಾಡುವ ಮುಖ ಅವಳಿಗೆ ಉಳಿದಿರಲಿಲ್ಲ. ಈ ಹೆಂಗಸಿನ ಗಂಡನನ್ನು ಐದು ತಿಂಗಳ ಹಿಂದೆ ಇದೇ ಅಂಗಳದಿಂದ ಜೀಪು ಹತ್ತಿಸಿದವಳು ಅವಳೇ.

ಮಾದಾಪುರದ ಬೆಳ್ಳಿಗುಂಡಿ ಕಾಫಿ ಎಸ್ಟೇಟಿನಲ್ಲಿ ಕೂಲಿಗಳಿಗೆಂದು ಕಟ್ಟಿದ ಎರಡಂತಸ್ತಿನ ಹೊಸ ಲೈನ್‌ಮನೆ ಆಗಸ್ಟ್ ಒಂದರ ಮಳೆಯಲ್ಲಿ ಕುಸಿದು ಮೂವರು ಸತ್ತಿದ್ದರು. ಗಾರೆಗೆ ಸಿಮೆಂಟ್ ಕಡಿಮೆ ಹಾಕಿ ಕದ್ದ ಎಂದು ಚಲುವಮ್ಮನ ಗಂಡ ಮೇಸ್ತ್ರಿ ಸಿದ್ದರಾಜು ಒಳಗೆ ಹೋದ. ಒಂಬತ್ತನೆಯ ದಿನ ಎದೆನೋವೆಂದು ಆಸ್ಪತ್ರೆಗೆ ಸಾಗಿಸಿದರು. ಮನೆಗೆ ಬಂದದ್ದು ಹೆಣ.

ಇವತ್ತು ಸಂಜೆ ಐದಕ್ಕೆ ಆ ಕೇಸೂ ಮುಗಿಯಲಿತ್ತು. ಸರ್ಕಲ್ ಇನ್‌ಸ್ಪೆಕ್ಟರ್ ಶಿವಪ್ರಕಾಶ್ ಅವರ ಮೆಮೊ ಕುಸುಮಾಳ ಜೇಬಿನಲ್ಲಿತ್ತು: ಆರೋಪಿ ಮೃತನಾಗಿರುವುದರಿಂದ ಅಂತಿಮ ವರದಿ ಸಲ್ಲಿಸಿ ಕಡತ ಮುಚ್ಚುವುದು. ಕೆಳಗೆ ಅವರ ರುಜು. ದೊಡ್ಡದೊಂದು 'ಶಿ', ಅದರ ಕೆಳಗೆ ಎರಡು ಸಲ ಸುತ್ತಿ ಎಳೆದ ಗೆರೆ. ವರದಿ ಹೋದರೆ ಸಿದ್ದರಾಜು ಮೂವರನ್ನು ಕೊಂದವನಾಗಿಯೇ ಉಳಿಯುತ್ತಾನೆ. ಸತ್ತವನ ಪರವಾಗಿ ಕೋರ್ಟಿಗೆ ಬಂದು ಅಲ್ಲ ಎನ್ನುವವರು ಯಾರೂ ಇರುವುದಿಲ್ಲ.

ಬದುಕಿದವಳ ಪಾಡು ಕುಸುಮಾ ಕಣ್ಣಾರೆ ಕಂಡಿದ್ದಳು. ಮೂವತ್ತು ವರ್ಷ ಗಂಡನ ಪಕ್ಕ ಗಾರೆ ಕಲೆಸಿದ ಚಲುವಮ್ಮನನ್ನು ಈಗ ಕುಶಾಲನಗರದ ಒಬ್ಬ ಮೇಸ್ತ್ರಿಯೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಲೈನ್‌ಮನೆಯಡಿ ಸಿಕ್ಕು ಸತ್ತ, ಕಾಫಿ ಹಣ್ಣು ಕೀಳುವ ಹೆಂಗಸು ಮುದ್ದಿಯ ಮಗಳು ಬಸ್ಸು ಹಿಡಿದುಕೊಂಡು ಬಂದು ಈ ಬಾಗಿಲಿಗೆ ಮಣ್ಣು ತೂರಿ, ಶಾಪ ಹಾಕಿ ಹೋಗಿದ್ದಳು. ಹೊಸಿಲ ಮೂಲೆಯಲ್ಲಿ ಆ ಮಣ್ಣು ಇನ್ನೂ ಇತ್ತು. ಚಲುವಮ್ಮ ಅದನ್ನು ಗುಡಿಸಿರಲಿಲ್ಲ.

ಕೆಡವಬೇಕಾಗಿದ್ದದ್ದು ಬಚ್ಚಲುಮನೆ. ಸಿದ್ದರಾಜು ಕಟ್ಟಿದ ಕೊನೆಯ ಗೋಡೆಗಳು.

ಇದಕ್ಕೆಲ್ಲ ಕಾರಣ ಬೆಳಿಗ್ಗೆ ಕರಿಬಸಪ್ಪ ಆಡಿದ ಒಂದು ಮಾತು. ಆತ ಊರಾಚೆಯ ಭಾರಗೋಡೆ ಸಂಶೋಧನಾ ಕೇಂದ್ರದ ಕಾವಲುಗಾರ. ಕಾಂಕ್ರೀಟ್ ಕಂಬವಿಲ್ಲದೆ ಬರೀ ಇಟ್ಟಿಗೆ ಗೋಡೆಯ ಮೇಲೆ ಮಹಡಿ ಹೊರಿಸಿದರೆ ಎಷ್ಟು ತಡೆಯುತ್ತದೆ ಎಂದು ನೋಡುವುದು ಆ ಕೇಂದ್ರದ ಕೆಲಸ. ಅಲ್ಲಿ ಆಳೆತ್ತರದ ಗೋಡೆ ಕಟ್ಟಿಸುತ್ತಾರೆ, ಬಿರುಕು ಕಾಣಲೆಂದು ಸುಣ್ಣ ಬಳಿಯುತ್ತಾರೆ, ಯಂತ್ರದಡಿ ಇಟ್ಟು ಮುರಿಯುವ ತನಕ ಒತ್ತುತ್ತಾರೆ. ಯಾವ ಇಟ್ಟಿಗೆಗೆ, ಯಾವ ಗಾರೆಗೆ ಎಷ್ಟು ಭಾರ ಎಂಬ ಕೋಷ್ಟಕ ಅದರಿಂದ ಹುಟ್ಟುತ್ತದೆ. ಆ ಕೋಷ್ಟಕ ನೋಡಿಯೇ ಲೈನ್‌ಮನೆಯ ನಕ್ಷೆ ಆಗಿತ್ತು. ಇನ್ನು ಕೆಲವು ದಿನಗಳಲ್ಲಿ ಆ ಕೋಷ್ಟಕ ದೇಶದ ಕಟ್ಟಡಗಳಿಗೆಲ್ಲ ಅನ್ವಯಿಸುವ ರಾಷ್ಟ್ರೀಯ ಮಾನಕದ ಪುಟ ಸೇರಲಿತ್ತು.

"ಮುರಿದ ಮೇಲೆ ಆ ಇಟ್ಟಿಗೆ ಏನ್ಮಾಡ್ತೀರಿ?" ಎಂದು ಕುಸುಮಾ ಸುಮ್ಮನೆ ಕೇಳಿದ್ದಳು.

"ಒಡೆದ ಗೋಡೆ ಮೇಸ್ತ್ರಿಗೆ ಮೇಡಂ. ಮೊದ್ಲಿಂದ್ಲೂ ಹಂಗೇ ನಡ್ಕಂಡ್ ಬಂದದೆ. ಸಾರ್‌ಗಳಿಗೆ ಅದು ಕಸ. ಸಿದ್ದರಾಜಣ್ಣ ಗಟ್ಟಿ ಇರೋವು ಆರಿಸ್ಕಂಡು ಬಚ್ಚಲುಮನೆ ಕಟ್ಕಂಡ."

ಕೇಂದ್ರದ ಗೋಡೆಗಳನ್ನೆಲ್ಲ ಕಟ್ಟಿದ್ದು ಸಿದ್ದರಾಜುವೇ. ಒತ್ತುವಾಗ ಪ್ರತಿ ಬಿರುಕಿನ ಪಕ್ಕ ಎಷ್ಟು ಟನ್ನಿಗೆ ಬಿಟ್ಟಿತೆಂದು ಕೆಂಪು ಮೇಣದ ಬಳಪದಲ್ಲಿ ಬರೆಯುವುದು ಅಲ್ಲಿನ ವಾಡಿಕೆ. ಮೂಲೆಯಲ್ಲಿ ಗೋಡೆಯ ನಂಬರು. ಕೊನೆಗೆ ನೋಡಲು ನಿಂತವರ ರುಜು. ಆ ಬರಹವನ್ನು ಕೇಂದ್ರದ ವರದಿಯ ಜೊತೆ ತಾಳೆ ನೋಡಬೇಕೆಂಬುದು ಕುಸುಮಾಳ ಯೋಚನೆ.

ಆದರೆ ಚಲುವಮ್ಮನ ಬಚ್ಚಲುಮನೆಯ ಹೊರಗಾಗಲಿ ಒಳಗಾಗಲಿ ಒಂದು ಚೂರು ಸುಣ್ಣವಿರಲಿಲ್ಲ. ಕುಸುಮಾ ಎರಡು ಸುತ್ತು ಹಾಕಿ ಸೋತು ಕೂತಾಗ ಚಲುವಮ್ಮ ಬೇಸರದಿಂದ, ಅಷ್ಟೂ ತಿಳಿಯದವರಿಗೆ ಹೇಳುವಂತೆ ಹೇಳಿದ್ದಳು.

"ಕೊಳೆಯಾಗಿರೋ ಮಗ್ಗುಲ್ನ ಯಾವ್ ಮೇಸ್ತ್ರಿ ಹೊರಗ್ ಮಾಡ್ತಾನೆ? ಒಂಬತ್ತಿಂಚು ಗೋಡೆ. ಎರಡು ಇಟ್ಟಿಗೆ ಬೆನ್ಗೆ ಬೆನ್ನು. ಚೆಂದಾಗಿರೋದು ಹೊರಕ್ಕೆ, ಸುಣ್ಣ ಹತ್ತಿದ್ದು ಒಳಕ್ಕೆ."

ಹಾಗೆಂದೇ ಈಗ ಗೋಡೆ ಬಿಚ್ಚುತ್ತಿದ್ದದ್ದು.

ಚಲುವಮ್ಮ ಮೇಲಿನ ವರಸೆಯಿಂದ ಶುರು ಮಾಡಿದಳು. ಸಂದಿಗೆ ಚಾಣ ಕೊಟ್ಟು ಎರಡೇ ಪೆಟ್ಟು ಹೊಡೆಯುವಳು, ಅಲ್ಲಾಡಿಸುವಳು, ಎತ್ತುವಳು. ಸುಣ್ಣದ ಮೇಲೆ ಗಾರೆ ಹಿಡಿಯುವುದಿಲ್ಲ. ಒಳಗಿನ ಗಾರೆ ಹಪ್ಪಳದಂತೆ ಎದ್ದು ಬರುತ್ತಿತ್ತು. ಅದರಡಿ ಬಿಳಿ ಮುಖ, ಅದರ ಮೇಲೆ ಕೆಂಪು ಅಕ್ಷರ. ಬಿಸಿಲು, ನೀರು ಯಾವುದೂ ತಾಕದೆ ನಿನ್ನೆ ಬರೆದಷ್ಟು ನಿಚ್ಚಳವಾಗಿತ್ತು.

ಉದಯ ಒಂದೊಂದನ್ನೂ ಫೋಟೊ ತೆಗೆದು ಅಂಗಳದಲ್ಲಿ ಸಾಲಾಗಿ ಇಟ್ಟ. ಗೋಡೆ ಹನ್ನೆರಡು. ಇಪ್ಪತ್ತೇಳು. ಮೂವತ್ತು. ಇವೆಲ್ಲ ಕೇಂದ್ರದ ವರದಿಯಲ್ಲಿದ್ದ ಗೋಡೆಗಳೇ.

"ಮೇಡಂ," ಎಂದ ಉದಯ, ಬಗ್ಗಿದವನು ಏಳದೆ. "ವರದೀಲಿ ಎಷ್ಟು ಗೋಡೆ ಉಂಟು?"

"ಮೂವತ್ತು."

"ಇದು ಮೂವತ್ತಮೂರು ಅಂತ ಉಂಟಲ್ಲ. ಎಂತ ಇದು?"

ಮೂವತ್ತಮೂರು, ಹತ್ತೊಂಬತ್ತು ಟನ್. ಅರ್ಧ ಗಂಟೆಯಲ್ಲಿ ಮೂವತ್ತೊಂದರಿಂದ ಮೂವತ್ತಾರರವರೆಗೆ ಆರೂ ಸಿಕ್ಕವು. ಯಾವುದೂ ಇಪ್ಪತ್ತು ಟನ್ ದಾಟಿರಲಿಲ್ಲ. ವರದಿಯ ಮೂವತ್ತು ಗೋಡೆಗಳ ಸರಾಸರಿ ಮೂವತ್ತಾರು ಟನ್.

ಕುಸುಮಾ ಕೇಂದ್ರದ ನಿರ್ದೇಶಕರಿಗೆ ಫೋನ್ ಮಾಡಿದಳು.

ಡಾಕ್ಟರ್ ಚೇತನ್‌ಕುಮಾರ್ ಬರಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಇಸ್ತ್ರಿ ಮುರಿಯದ ಅಂಗಿ, ಹಣೆಯಲ್ಲಿ ತೆಳ್ಳಗೆ ವಿಭೂತಿ. ಸಿಮೆಂಟ್ ಕಡಿಮೆಯಿತ್ತೆಂದು ತಜ್ಞರ ಅಭಿಪ್ರಾಯ ಬರೆದುಕೊಟ್ಟವರು ಇವರೇ. ಆ ಎರಡು ಪುಟ ನಂಬಿಯೇ ಕುಸುಮಾ ಸಿದ್ದರಾಜುವನ್ನು ಹಿಡಿದದ್ದು. ಅವರು ಸಾಲಾಗಿಟ್ಟ ಇಟ್ಟಿಗೆಗಳನ್ನು ನೋಡಿದರು, ಹತ್ತಿರದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ ಚಲುವಮ್ಮನನ್ನು ನೋಡಲಿಲ್ಲ.

"ಈ ಆರು ಗೋಡೆ ಇದ್ದವು. ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ," ಎಂದರು.

"ಇದ್ದವು ಅಂತಲೂ ಹೇಳಿಲ್ಲ ಸರ್."

"ಯಾರೂ ಕೇಳಲಿಲ್ಲ. ಇವು ಲೈನ್‌ಮನೆಗೂ ಒಂದು ವರ್ಷ ಮೊದಲು ಸಿದ್ದರಾಜು ಹಟ ಹಿಡಿದು ಕಟ್ಟಿದ್ದು. 'ಸಾರ್, ನೀವು ಕಟ್ಸೋದು ಸೂರಿನಡಿ. ಇಟ್ಟಿಗೆ ಹದವಾಗಿ ನೆನ್ಸಿ, ಗೋಣಿ ಹೊದ್ಸಿ. ಸೈಟಲ್ಲಿ ಹಂಗೆಲ್ಲಿರ್ತದೆ, ಜುಲೈ ಮಳೇಲಿ ಕಟ್ಟಿ ನೋಡಾನ' ಅಂದ. ಇಟ್ಟಿಗೆ ನೀರು ಕುಡಿದು ತೊಪ್ಪೆ, ಮರಳು ತೊಪ್ಪೆ. ಕಟ್ಟಿದ. ಅರ್ಧಕ್ಕೆ ಬಂತು. ಬರದೆ ಏನಾಗುತ್ತೆ?"

"ಅದನ್ನ ವರದಿಯಿಂದ ಬಿಟ್ಟಿರಿ."

"ವರದಿಯಲ್ಲಿ ಇರಬೇಕಾದ್ದು ಗೋಡೆಯ ಶಕ್ತಿ ಮೇಡಂ, ಮಳೆಯ ಶಕ್ತಿ ಅಲ್ಲ. ಮಾನಕ ಇಡೀ ದೇಶಕ್ಕೆ. ಸೋಮವಾರಪೇಟೆಗೆ ಒಂದು, ಬಳ್ಳಾರಿಗೆ ಒಂದು ಬರೆಯೋಕಾಗಲ್ಲ."

ಉತ್ತರ ಸಿದ್ಧವಾಗಿಯೇ ಇತ್ತು. ಕಾರಿನಲ್ಲಿ ಬರುವಾಗ ಮಡಚಿ ಇಟ್ಟುಕೊಂಡು ಬಂದಿರಬೇಕು. ಕುಸುಮಾಳಿಗೆ ರೇಗಿತು.

"ಲೈನ್‌ಮನೆ ಕಟ್ಟಿದ್ದೂ ಜುಲೈನಲ್ಲೇ. ಅದು ಬೀಳುತ್ತೆ ಅಂತ ನಿಮಗೆ ಗೊತ್ತಿತ್ತು."

ಚೇತನ್‌ಕುಮಾರ್ ನಕ್ಕರು. ಕೆಟ್ಟ ನಗೆಯಲ್ಲ, ಪಾಠ ಹೇಳುವವರ ನಗೆ. ಅದೇ ಇನ್ನೂ ಹೆಚ್ಚು ಚುಚ್ಚಿತು.

"ಬೀಳಬಾರದು. ಲೆಕ್ಕ ಹೇಳ್ತೀನಿ, ಬರ್ಕೊಳ್ಳಿ. ಮೂವತ್ತಾರು ಟನ್ನಿಗೆ ಮುರಿಯೋ ಗೋಡೆ ಮೇಲೆ ನಾವು ಒಂಬತ್ತೇ ಟನ್ ಹೊರಿಸೋಕೆ ಬಿಡೋದು. ನಾಲ್ಕು ಪಟ್ಟು ಅಂತರ. ಮಳೆಯಲ್ಲಿ ಕಟ್ಟಿದ್ದಕ್ಕೆ ಶಕ್ತಿ ಅರ್ಧವಾಯ್ತು ಅನ್ನಿ, ಹದಿನೆಂಟು ಉಳೀತು. ಆಗಲೂ ಎರಡು ಪಟ್ಟು ಇದೆ. ನಿಲ್ಲಲೇಬೇಕು. ನಿಲ್ಲಲಿಲ್ಲ ಅಂದರೆ ಮಳೆ ಅಲ್ಲ, ಬೇರೆ ಏನೋ ಆಗಿದೆ. ಸಿಮೆಂಟ್ ಹೋಗಿದೆ. ನಾನು ಬರೆದಿರೋದೂ ಅಷ್ಟೇ."

ಕುಸುಮಾ ಅಂಕಿಗಳನ್ನು ಮನಸ್ಸಿನಲ್ಲೇ ಎರಡು ಸಲ ಲೆಕ್ಕ ಹಾಕಿ ನೋಡಿದಳು. ಎಲ್ಲೂ ತಪ್ಪಿರಲಿಲ್ಲ. ಒಬ್ಬಳ ಬಚ್ಚಲುಮನೆ ಕೆಡವಿಸಿ ಹೊರತೆಗೆದ ಸಾಕ್ಷಿ ಸಿದ್ದರಾಜುವನ್ನೇ ಮತ್ತಷ್ಟು ಬಿಗಿಯಾಗಿ ಕಟ್ಟುತ್ತಿತ್ತು. ಈ ಕೆಲಸಕ್ಕೆ ಸೇರಿದ ದಿನವನ್ನೇ ಅವಳು ಶಪಿಸಿಕೊಂಡಳು.

"ಆ ಗಾರೆ ಕಲೆಸಿದ್ದು ನಾನು," ಎಂದಳು ಚಲುವಮ್ಮ.

ಯಾರೂ ಅವಳತ್ತ ತಿರುಗಿರಲಿಲ್ಲ. ಈಗ ಎಲ್ಲರೂ ತಿರುಗಿದರು.

"ಒಂದ್ ಬಾಂಡ್ಲಿ ಸಿಮೆಂಟು, ಆರು ಬಾಂಡ್ಲಿ ಮರಳು. ಮೂವತ್ ವರ್ಸ ಅದೇ ಲೆಕ್ಕ. ಸಿಮೆಂಟು ಕದ್ದಿದ್ರೆ ಕದ್ದೋಳು ನಾನು. ಅವ್ರನ್ನ ಯಾಕ್ ಕರ್ಕಂಡ್ ಹೋದ್ರಿ ಮೇಡಂ? ನಿಮ್ ಬಾಯಲ್ಲಿ ಒಂದ್ ದಿನಾನಾದ್ರೂ ನನ್ನ ಕೇಳುದ್ರಾ, ಗಾರೆ ಕಲೆಸಿದ್ಯಾರು ಅಂತ?"

ಕೇಳಿರಲಿಲ್ಲ. ಗಾರೆ ಎಂದರೆ ಮೇಸ್ತ್ರಿ ಎಂದೇ ಎಫ್‌ಐಆರ್ ಬರೆದಿದ್ದಳು. ಬಾಂಡ್ಲಿ ಹೊತ್ತ ಹೆಂಗಸು ಅವಳ ಕಾಗದದಲ್ಲಿ ಎಲ್ಲೂ ಇರಲಿಲ್ಲ, ಬರೆದವಳೂ ಹೆಂಗಸೇ ಆಗಿದ್ದರೂ. ಕುಸುಮಾಳಿಗೆ ನಾಚಿಕೆಯಾಯಿತು.

ಆ ದಿನ ಕಣ್ಣ ಮುಂದೆ ಬಂತು. ಸೆಪ್ಟೆಂಬರ್ ನಾಲ್ಕು. ಸಿದ್ದರಾಜು ಇದೇ ಬಚ್ಚಲುಮನೆಯಿಂದ ಕೈತುಂಬ ಗಾರೆ ಮೆತ್ತಿಕೊಂಡು ಬಂದಿದ್ದ. ಹೆದರಿರಲಿಲ್ಲ. "ಡಾಕ್ಟ್ರು ಎಲ್ಲಾ ಬರ್ದ್ ಕೊಟ್ಟವ್ರಲ್ಲ ಮೇಡಂ, ನೀವೇ ಓದಿ," ಎಂದು ನಕ್ಕಿದ್ದ. ಡಾಕ್ಟರು ಬರೆದದ್ದನ್ನು ಓದಿಯೇ ಬಂದಿದ್ದ ಕುಸುಮಾಳಿಗೆ ಅದು ಶುದ್ಧ ಭಂಡತನವಾಗಿ ಕಂಡಿತ್ತು. ಕೈ ತೊಳೆದುಕೊಂಡು ಬರುತ್ತೇನೆ ಎಂದದ್ದಕ್ಕೂ ಬಿಟ್ಟಿರಲಿಲ್ಲ.

ತನ್ನನ್ನೇ ಮುಳುಗಿಸುವ ಕಾಗದವನ್ನು ಓದಿ ಎಂದು ಯಾರಾದರೂ ನಗುನಗುತ್ತಾ ಹೇಳುತ್ತಾರೆಯೇ? ಐದು ತಿಂಗಳ ಮೇಲೆ ಇವತ್ತು ಅವಳಿಗೆ ಆ ಪ್ರಶ್ನೆ ಬಂತು.

"ಸರಿ, ನನ್ನ ಕೆಲಸ ಮುಗೀತಲ್ಲ," ಎಂದು ಚೇತನ್‌ಕುಮಾರ್ ಕಾರಿನ ಕಡೆ ಹೊರಟರು. ಎರಡು ಹೆಜ್ಜೆ ಇಟ್ಟು ತಿರುಗಿದರು. "ಇನ್ನು ಆ ಒಲೆ ಕಡೆ ಗೋಡೆ ಕೆಡವಬೇಡಿ ಮೇಡಂ. ಪಾಪ, ಬಡವರು. ಸ್ನಾನಕ್ಕೆ ಒಂದು ಮರೆಯಾದರೂ ಇರಲಿ."

ಬಂದಾಗಿನಿಂದ ಚಲುವಮ್ಮನ ಮುಖ ನೋಡದ ಮನುಷ್ಯನಿಗೆ ಈಗ ಅವಳ ಸ್ನಾನದ ಚಿಂತೆ. ಕುಸುಮಾಳ ಕಿವಿ ನೆಟ್ಟಗಾಯಿತು.

"ಚಲುವಮ್ಮ, ಆ ಗೋಡೆ ಯಾವಾಗ ಕಟ್ಟಿದ್ದು?"

"ಎಲ್ಲಕ್ಕೂ ಕೊನೇಲಿ. ನೀವ್ ಬಂದಿದ್ ಹಿಂದಿನ್ ದಿನ. ಮಗಳ ಬಾಣಂತನ ಮುಗ್ಸಿ ಹುಣಸೂರಿಂದ ನಾನು ಬರೋ ಹೊತ್ಗೆ ಸೆಂಟರಿಂದ ಇನ್ನೊಂದಷ್ಟು ಇಟ್ಟಿಗೆ ತಂದು ರಾಶಿ ಹಾಕಿದ್ರು. ಕಳ್ಳ ನಗೆ ನಗ್ತಿದ್ರು. 'ಇನ್ನ ಭಯ ಇಲ್ಲ ಕಣಮ್ಮಿ, ನಮ್ದೇನೂ ತಪ್ಪಿಲ್ಲ ಅಂತ ಡಾಕ್ಟ್ರು ಬರ್ದು ಕೊಡ್ತಾರೆ' ಅಂದ್ರು. ನಿಮ್ಗೂ ಯೋಳುದ್ನಲ್ಲ ಅವತ್ತು."

ಹೇಳಿದ್ದಳು. ಹೆಂಡತಿಯ ಮಾತು ಎಂದು ಕುಸುಮಾ ಬರೆದುಕೊಂಡಿರಲಿಲ್ಲ.

"ಅದನ್ನೂ ಬಿಚ್ತೀರಾ?" ಎಂದು ಕೇಳಿದಳು. ಆಜ್ಞೆ ಮಾಡುವ ದನಿ ಹೊರಡಲಿಲ್ಲ.

ಚಲುವಮ್ಮ ಚಾಣ ಹಿಡಿದು ಆ ಗೋಡೆಯ ಮುಂದೆ ಹೋದಳು. ಹಂಡೆಯೊಲೆಯ ಹೊಗೆ ಹಿಡಿದು ಕಪ್ಪಾಗಿತ್ತು. ಸಿಮೆಂಟಿನ ಮೇಲೆ ಒಂದು ಕಡೆ ಸಿದ್ದರಾಜುವಿನ ಅಂಗೈಯ ಗುರುತು ಹಾಗೇ ಇತ್ತು. ಅವಳು ಆ ಗುರುತಿಗೆ ಕೈ ತಾಗಿಸಲಿಲ್ಲ. ಅದರಿಂದ ದೂರದ ತುದಿಗೆ ಚಾಣ ಇಟ್ಟು ಹೊಡೆದಳು.

ಮೊದಲನೆಯ ಇಟ್ಟಿಗೆ ಎತ್ತಿದ ಕೂಡಲೇ ಅವಳ ಕೈ ನಿಂತಿತು. ಉಗುರಿನಿಂದ ಅಂಚು ಕೆರೆದಳು. ಹಿಟ್ಟಿನಂತೆ ಉದುರಿತು. ಒಳಮಗ್ಗುಲಲ್ಲಿ ಸುಣ್ಣವೂ ಇತ್ತು.

"ಇದು ಸೆಂಟರ್ ಇಟ್ಟಿಗೆ ಅಲ್ಲ. ಅಲ್ಲಿವು ಕೆಂಪಗೆ ಬೆಂದಿರ್ತವೆ. ಇದು ಅರೆಬೆಂದಿದ್ದು. ನೀರು ಕುಡುದ್ರೆ ಬನ್ನಿನಂಗಾಯ್ತದೆ. ಅದ್ಕೇ ಒಲೆ ಮಗ್ಗುಲಿಗೆ ಕಟ್ಟವ್ರೆ, ಒಣಗಿರೋ ತಾವು." ಅವಳು ತಲೆಯೆತ್ತಿದಳು. "ಇದು ಲೈನ್‌ಮನೆ ಇಟ್ಟಿಗೆ ಮೇಡಂ. ನಾನು ಹೊತ್ತಿದ್ದು. ನಂಗೆ ಗೊತ್ತಾಗಕಿಲ್ವಾ?"

ಬಿದ್ದ ಮನೆಯ ಜಾಗದಲ್ಲಿ ಉಳಿದಿದ್ದ ಇಟ್ಟಿಗೆ ಇಲ್ಲಿಗೆ ಹೇಗೆ ಬಂತು? ಅದಕ್ಕೆ ಸುಣ್ಣ ಬಳಿದವರು ಯಾರು?

ಉದಯನ ಫೋನ್ ರಿಂಗಾಯಿತು. "ಸಾಹೇಬ್ರು," ಎಂದು ಪಿಸುಗುಟ್ಟಿ, ನೆಟ್‌ವರ್ಕ್ ಸಿಗಲೆಂದು ರಸ್ತೆಯ ಕಡೆ ಓಡಿದ. ಫೋಟೊ ತೆಗೆಯುತ್ತಿದ್ದ ಫೋನೂ ಅವನ ಜೊತೆ ಹೋಯಿತು.

ಚೇತನ್‌ಕುಮಾರ್ ಹೋಗಿರಲಿಲ್ಲ. ಕಾರಿನ ಬಾಗಿಲು ಹಿಡಿದು ನಿಂತಿದ್ದರು. ಅವರ ಮುಖದಲ್ಲಿ ಪಾಠ ಹೇಳುವ ಕಳೆ ಇಳಿದುಹೋಗಿತ್ತು.

"ಆಗಸ್ಟಿನಲ್ಲಿ ಇನ್ನೊಂದು ಗೋಡೆ ಕಟ್ಟಿಸಿದ್ರಿ," ಎಂದಳು ಕುಸುಮಾ. ಹೇಳುತ್ತಾ ಹೇಳುತ್ತಾ ಅವಳಿಗೇ ದಾರಿ ಕಂಡಿತು. "ಮನೆ ಬಿದ್ದ ಮೇಲೆ. ಅದೇ ಇಟ್ಟಿಗೆ, ಅದೇ ಮಳೆ, ಅದೇ ಮೇಸ್ತ್ರಿ. ಆದರೆ ಸಿಮೆಂಟ್ ನಿಮ್ಮೆದುರೇ ಅಳೆದು ಹಾಕಿಸಿದ್ರಿ. ಗಾರೆ ಗಟ್ಟಿಯಾಗಲಿ ಅಂತ ಇಪ್ಪತ್ತೆಂಟು ದಿನ ಬಿಟ್ಟು ಒತ್ತಿದ್ರಿ. ಸಿಮೆಂಟ್ ಸರಿ ಇದ್ದೂ ಅದು ಮುರಿದರೆ ಸಿದ್ದರಾಜು ಕಳ್ಳ ಅಲ್ಲ. ಅವನಿಗೂ ಹಾಗಂತಲೇ ಹೇಳಿದ್ರಿ. ಅದಕ್ಕೇ ಅವನು ನನ್ನೆದುರು ನಕ್ಕಿದ್ದು."

"ಆ ಪುಟ ರಿಜಿಸ್ಟರಿನಲ್ಲಿ ಇಲ್ಲ," ಎಂದರು ಚೇತನ್‌ಕುಮಾರ್. ನೆಲ ನೋಡುತ್ತಾ ಹೇಳಿದರು.

"ಪುಟ ಹರಿದ್ರಿ. ಇಟ್ಟಿಗೆ ಮರೆತ್ರಿ."

"ಕಸ ಅದು. ಯಾರು ಲೆಕ್ಕಕ್ಕಿಡ್ತಾರೆ?" ಅವರು ಹತ್ತಿರ ಬಂದರು. ದನಿ ತಗ್ಗಿತು. "ಮೇಡಂ, ನನ್ನ ಬಿಡಿ. ನಿಮ್ಮ ಒಳ್ಳೆಯದಕ್ಕೆ ಹೇಳ್ತೀನಿ. ಇಷ್ಟಕ್ಕೆ ನಿಲ್ಲಿಸಿ. ನಾನೊಬ್ಬನೇ ನಿಂತು ಒತ್ತಿಸಿದ್ದಲ್ಲ ಅದು."

ಅಷ್ಟರಲ್ಲಿ ಚಲುವಮ್ಮ ಮೂರನೆಯ ವರಸೆಯಿಂದ ಒಂದು ಇಟ್ಟಿಗೆ ಎತ್ತಿದ್ದಳು. ಗಾರೆಯ ಹಾಳೆ ಎದ್ದು ಬಂತು. ಬಿಳಿ ಮುಖದ ತುಂಬ ಕೆಂಪು ಬರಹ.

"ಇದ್ರಲ್ಲಿ ಜಾಸ್ತಿ ಬರ್ದದೆ. ಓದಿ ಯೋಳಿ," ಎಂದಳು. ಚಲುವಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ.

ಕುಸುಮಾ ಅವಳ ಪಕ್ಕ ಮಣ್ಣಿನಲ್ಲೇ ಕೂತಳು. "ಗೋಡೆ ಮೂವತ್ತೇಳು. ತಾರೀಖು ಮೂವತ್ತೊಂದು, ಎಂಟನೇ ತಿಂಗಳು. ಒಂದಕ್ಕೆ ಆರು, ಅಳೆದದ್ದು. ಮುರಿದದ್ದು ಎಂಟು ಟನ್."

ಎಂಟು. ಒಂಬತ್ತು ಟನ್ ಹೊರಲೇಬೇಕೆಂದು ಕೋಷ್ಟಕ ಹೇಳಿದ ಗೋಡೆ ಎಂಟಕ್ಕೇ ಮುರಿದಿತ್ತು. ಸಿಮೆಂಟ್ ಒಂದು ಚಮಚವೂ ಕಡಿಮೆ ಇರಲಿಲ್ಲ. ಸಿದ್ದರಾಜು ನಿರ್ದೋಷಿ ಎಂದು ಆಗಸ್ಟ್ ಮೂವತ್ತೊಂದಕ್ಕೇ ಗೊತ್ತಾಗಿತ್ತು. ಕುಸುಮಾ ಅವನನ್ನು ಹಿಡಿದದ್ದು ಅದಾಗಿ ನಾಲ್ಕನೆಯ ದಿನ.

"ಹಂಗಂದ್ರೆ?"

"ಹಂಗಂದ್ರೆ ನಿಮ್ಮ ಯಜಮಾನ್ರು ಕದ್ದಿಲ್ಲ ಚಲುವಮ್ಮ. ನೀವೂ ಕದ್ದಿಲ್ಲ."

ಚಲುವಮ್ಮ ಅಳಲಿಲ್ಲ. ಸೆರಗಿನಿಂದ ಇಟ್ಟಿಗೆಯ ಅಂಚನ್ನು ಒರೆಸಿದಳು. ಒರೆಸಿದ ಕಡೆ ಬಳಪದ ಕೆಂಪು ಬಟ್ಟೆಗೆ ಹತ್ತಿತು. ಕುಸುಮಾ ಗಾಬರಿಯಿಂದ ಅವಳ ಕೈ ಹಿಡಿದು ನಿಲ್ಲಿಸಿದಳು.

"ನಂಗ್ ಮೊದ್ಲೇ ಗೊತ್ತಿತ್ತು. ನಿಮ್ಗೆ ಗೊತ್ತಾಯ್ತಾ, ಅಷ್ಟು ಸಾಕು," ಎಂದಳು ಚಲುವಮ್ಮ. ಆಮೇಲೆ ಬೆರಳಿಟ್ಟು ತೋರಿಸಿದಳು. "ಕೆಳಗಿನ್ನೊಂದ್ ಸಾಲದೆ. ಅದೇನು?"

ಕೊನೆಯ ಸಾಲಿನಲ್ಲಿ 'ಸಾಕ್ಷಿ' ಎಂದಿತ್ತು. ಅದರ ಮುಂದೆ ಒಂದು ರುಜು. ದೊಡ್ಡದೊಂದು 'ಶಿ'. ಕೆಳಗೆ ಎರಡು ಸಲ ಸುತ್ತಿ ಎಳೆದ ಗೆರೆ.

ಕುಸುಮಾಳಿಗೆ ಜೇಬಿನಿಂದ ಮೆಮೊ ತೆಗೆದು ಹೋಲಿಸುವ ಅಗತ್ಯವಿರಲಿಲ್ಲ. ಮೂರು ವರ್ಷದಿಂದ ದಿನಾ ನೋಡುತ್ತಿದ್ದ ರುಜು. ಹಿಡಿದು ತಾ ಎಂದು ಸೆಪ್ಟೆಂಬರ್ ನಾಲ್ಕರಂದು ಅವಳನ್ನು ಇಲ್ಲಿಗೆ ಕಳಿಸಿದ ಕಾಗದದ ಮೇಲೂ ಅದೇ ಇತ್ತು. ಅವಳ ಕಣ್ಣು ಆ ಗೆರೆಯನ್ನೇ ಮತ್ತೆ ಮತ್ತೆ ಸುತ್ತಿತು. ತನ್ನ ಫೋನಿನಲ್ಲಿ ಫೋಟೊ ತೆಗೆಯಬೇಕೆಂಬುದೂ ಹೊಳೆಯಲಿಲ್ಲ.

"ಯಾಕೆ, ಓದಕ್ಕಾಯ್ತಿಲ್ವಾ?" ಎಂದಳು ಚಲುವಮ್ಮ.

ಉದಯ ಏದುಸಿರು ಬಿಡುತ್ತಾ ಓಡಿಬಂದ. "ಮೇಡಂ, ಸಾಹೇಬ್ರು ಅಂತಿಮ ವರದಿ ತಕ್ಕೊಂಡು ಹೋಗ್ಲಿಕ್ಕೆ ಅವರೇ ಬಂದ್ರು."

ಅವನ ಹಿಂದೆಯೇ ಜೀಪು ಅಂಗಳಕ್ಕೆ ಬಂದು ನಿಂತಿತು. ಶಿವಪ್ರಕಾಶ್ ಇಳಿದರು. ಕೆಡವಿದ ಗೋಡೆ, ಸಾಲಾಗಿಟ್ಟ ಇಟ್ಟಿಗೆ, ಕಾರಿನ ಬಳಿ ನಿಂತ ಚೇತನ್‌ಕುಮಾರ್. ಎಲ್ಲವನ್ನೂ ಒಮ್ಮೆ ನೋಡಿ, ಏನೂ ಕೇಳದೆ ಟೋಪಿ ಸರಿಮಾಡಿಕೊಂಡರು.

ಕುಸುಮಾ ಎದ್ದು ನಿಲ್ಲುವಷ್ಟರಲ್ಲಿ ಚಲುವಮ್ಮ ಎದ್ದಾಗಿತ್ತು. ಎಂಟು ಟನ್ನಿಗೆ ಮುರಿದ, ಉಗುರು ತಾಗಿದರೆ ಉದುರುವ ಆ ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನೇರವಾಗಿ ಜೀಪಿನ ಕಡೆ ನಡೆದಳು.

"ಸಾಹೇಬ್ರೆ, ಈ ಮೇಡಂಗೆ ಕೊನೇ ಸಾಲು ಓದಕ್ಕಾಯ್ತಿಲ್ಲ," ಎಂದಳು. "ನೀವಾದ್ರೂ ವಸಿ ಓದಿ ಯೋಳಿ."

ಶಿವಪ್ರಕಾಶ್ ಕನ್ನಡಕ ಹಾಕಿಕೊಂಡು, ಕೊಡಮ್ಮ ಎಂದು ಕೈ ಚಾಚಿದರು. ಚಲುವಮ್ಮ ಇಟ್ಟಿಗೆಯನ್ನು ಅವರ ಕೈಗೆ ಕೊಟ್ಟಳು.